ಹನ್ನೆರಡರ ಹಲ್ಲು

ಕಡೀ ವಾರ, ಗೋಕಾಕದ ದವಾಖಾನಿಯೊಳಗ
ನರ್ಸಬಾಯಿ ಕೇಳಿದಳು: ಅಜ್ಜಾ, ವಯಸ್ಸೆಷ್ಟು?
ನಮ್ಮ ಲಗಮಪ್ಪಜ್ಜ ಕಣ್ಣು ತೆರೀಲಿಲ್ಲ,
ಬಾಯಿ ತೆರದ, ದವಡಿ ಕಾಣೂವಂಗ.
ಹನ್ನೆರಡ್ರೀ ಸಾಹೇಬ್ರ, ಅಂದ.

ಆಕಿ ನಕ್ಕಳು. ನಾನೂ ನಕ್ಕೆ.
ಎಂಬತ್ತೊಂದು ಅಂತ ಬರಸಿದೆ, ಅದೂ ಅಂದಾಜು.

ಧಬಧಬಿ ದಂಡಿಗೆ ಗಿರಣಿ.
ಹೊರಗ ನೀರಿನ ಸಪ್ಪಳ, ಒಳಗ ಕದರಿನ ಸಪ್ಪಳ,
ನಡುವ ಹುಡುಗರು ಕೈಸನ್ನಿಲೆ ಮಾತಾಡತಿದ್ದರು.
ತುಂಬಿದ ಬಾಬಿನ್ ಕೀಳೋದು, ಖಾಲಿ ಬಾಬಿನ್ ಸಿಗಸೋದು.
ಸಣ್ಣ ಬಟ್ಟು ಬೇಕು ಅದಕ್ಕ,
ಸಣ್ಣ ಪಗಾರಕ್ಕ ಸಣ್ಣ ಹೊಟ್ಟಿ ಬೇಕು.
ಕಾಯದೆ ಮಾತ್ರ ಅಂತಿತ್ತು: ಹನ್ನೆರಡು ತುಂಬಿರಬೇಕು.

ಹುಟ್ಟಿದ ತಾರೀಖು ಯಾರ ಹಂತ್ಯಾಕ ಇತ್ತು?
ಅಜ್ಜ ಹುಟ್ಟಿದ್ದು ಹೊಳಿ ಬಂದ ವರ್ಷ.
ಹೊಳಿ ಅಂತೂ ವರ್ಷಾ ಬರತಿತ್ತು.
ಅದಕ್ಕ ಡಾಕ್ಟರು ಹಲ್ಲು ನೋಡತಿದ್ದ,
ಸಂತ್ಯಾಗ ಹೋರಿಗೆ ನೋಡಿಧಂಗ.
ದವಡಿ ಹಿಂದಕ ಬಟ್ಟು ಹಾಕಿ
ಹನ್ನೆರಡರ ಹಲ್ಲು ಮೂಡೇತೇನು ಅಂತ ತಡವತಿದ್ದ.

ಹಿಂದಿನ ರಾತ್ರಿ ಬಾಳವ್ವ
ಮಗನ್ನ ಚಿಮಣಿ ಮುಂದ ಕುಂಡ್ರಿಸಿ
ಅಳ್ಳಾಡೋ ಹಾಲಹಲ್ಲಿಗೆ ನೂಲು ಕಟ್ಟಿದಳು.
ಗಿರಣಿದ ನೂಲ ಅದು. ಹರೀಲಿಲ್ಲ.
ಕಿತ್ತ ಹಲ್ಲು ಸಗಣಿ ಉಂಡ್ಯಾಗ ಇಟ್ಟು
ಮಾಳಿಗಿ ಮ್ಯಾಲ ಒಗಿಯೋದು ರೂಢಿ.
ಚಾಳಿಗೆ ಎಲ್ಲಿ ಮಾಳಿಗಿ?
ತಗಡಿನ ಮ್ಯಾಲಿಂದ ಉರುಳಿ ಉಂಡಿ
ಮತ್ತ ಆಕಿ ಕಾಲಾಗ ಬಂದು ಬಿತ್ತು.
ಎರಡನೇ ಸಲ ಒಗೀಲಿಲ್ಲ ಬಾಳವ್ವ.

ಕೇಳಿದರ ಏನನ್ನಬೇಕು?
ಹನ್ನೆರಡು.
ಮತ್ತೊಮ್ಮೆ ಅನ್ನು.
ಹನ್ನೆರಡು.
ನಿದ್ದಿ ಹತ್ತೂತನಕ.

ಡಾಕ್ಟರಿಗೆ ಆ ಹಲ್ಲು ಸಿಗಲಿಲ್ಲ.
ಜಾಬರ ತಂದ ಕರದಂಟಿನ ಡಬ್ಬಿ ಸಿಕ್ಕಿತು.
ಪಾಸು ಬಂತು.

ಐದು ತಾಸಿನ ಪಾಸು, ಹತ್ತು ತಾಸಿನ ಕೆಲಸ.
ಹೊತ್ತಲ್ಲದ ಹೊತ್ತಿನ್ಯಾಗ ಇನ್ಸ್‌ಪೆಕ್ಟರ್ ಬಂದರ
ಹುಡುಗರನ್ನ ಬಾಬಿನ್ ಬುಟ್ಟ್ಯಾಗ ಕುಂಡ್ರಿಸಿ
ಮ್ಯಾಲ ಹತ್ತಿ ಸುರವತಿದ್ದರು.
ಬಾಳೇದಾಗ ಅಂಥಾ ನಿದ್ದಿ ಮತ್ತ ಬರಲಿಲ್ಲವ್ವಾ,
ಅಂತಿದ್ದ ಅಜ್ಜ. ಇಷ್ಟ ನಕ್ಕೋತ ಹೇಳಿದ್ದು.
ಎಡಗೈಯ ಕಿರಿಬಟ್ಟಿನ ತುದಿ ಎಲ್ಲಿ ಹೋತು
ಅನ್ನೋದನ್ನ ಹೇಳಲಿಲ್ಲ.
ಅವನ ಬಟ್ಟಿನ ಗೆಣ್ಣು ಎಣಿಸಿ ಲೆಕ್ಕ ಕಲಿತಾಕಿ ನಾನು,
ಸಾಲ್ಯಾಗ ನನಗ ಯಾವಾಗಲೂ ಒಂದು ಕಡಿಮಿ ಬರತಿತ್ತು.

ನಾಕು ವರ್ಷ ಅಂವಗ ಹನ್ನೆರಡ ನಡದಿತ್ತು.

ಹೋದ ತಿಂಗಳು, ಸಾಲಿ ಬಿಟ್ಟ ಮಕ್ಕಳ ಪಟ್ಟಿ ಹಿಡಕೊಂಡು
ಕೊಣ್ಣೂರ ಹಾದಿಯ ಇಟ್ಟಂಗಿ ಭಟ್ಟಿಗೆ ಹೋಗಿದ್ದೆ.
ಒಂದು ಹುಡುಗಿ, ತಲಿ ಮ್ಯಾಲ ಆರು ಹಸಿ ಇಟ್ಟಂಗಿ.
ನಾ ಹೆಸರು ಕೇಳಿದೆ, ಹೆಸರಷ್ಟ.
ಹದಿನೆಂಟ್ರೀ ಟೀಚರ, ಅಂದಳು,
ಅಂದು, ಕೈಯಿಂದ ಬಾಯಿ ಮುಚ್ಚಿಕೊಂಡಳು.

ಮನಿಗೆ ಬಂದು ಅಜ್ಜನ ಟ್ರಂಕು ತೆಗದೆ.
ಧೋತರ, ತಂಬಾಕದ ಚೀಲ, ಅದರ ತಳಕ
ಗೋಕಾಕದ ಕಟಗಿ ಮಾವಿನಹಣ್ಣು.
ಮೊದಲ ಪಗಾರದಾಗ ಅವ್ವನ್ನ ಕೇಳದ ತಂದದ್ದು.
ನಮಗ ಆಡಲಿಕ್ಕೆ ಒಮ್ಮೆನೂ ಕೊಡಲಿಲ್ಲ.
ಕಟಗಿ ಅಂತ ಗೊತ್ತಿದ್ದೂ ಕಚ್ಚಿದ್ದನಂತ,
ಬಾಳವ್ವ ಹೊಡದಳಂತ,
ಬಣ್ಣ ಕೆಟ್ಟದ್ದಕ್ಕೋ, ಆಣೆ ಹೋದದ್ದಕ್ಕೋ.

ಹಳದಿ ಮಾಸೇತಿ, ಕಚ್ಚಿದ ಗುರ್ತು ಮಾಸಿಲ್ಲ.
ಮುಂದಿನ ಎರಡು ಅಗಲ ಹಲ್ಲು,
ಅದರ ಬಾಜೂಕ ನೂಲು ಕಟ್ಟಿ ಕಿತ್ತ ಜಾಗಾ,
ಅಲ್ಲಿ ಬಣ್ಣ ಇನ್ನೂ ಹಂಗ ಐತಿ.

ಬಟ್ಟಿಟ್ಟು ನೋಡಿದೆ.
ಎಂಟು ಇರಬೇಕು.
ಬಾಳಂದರ ಎಂಟೂವರಿ.